ಸ್ವಲ್ಪ ಅಡ್ಜಸ್ಟ್ ಮಾಡದ ಡಬ್ಬಿ

ಏಪ್ರಿಲ್ ತಿಂಗಳ ಒಂದು ಶನಿವಾರ ರಾತ್ರಿ ದೋಸೆ ಹಿಟ್ಟು ರುಬ್ಬಿ, ಮನೆಯಲ್ಲಿದ್ದ ಒಂದೇ ಸ್ಟೀಲ್ ಡಬ್ಬಿಗೆ ಕತ್ತಿನ ತನಕ ತುಂಬಿ, ಮುಚ್ಚಳ ಒತ್ತಿ ಮಲಗಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಹಿಟ್ಟು ಮುಚ್ಚಳವನ್ನು ತಳ್ಳಿಕೊಂಡು ಹೊರಗೆ ಬಂದು, ಅಡುಗೆ ಕಟ್ಟೆಯ ಮೇಲೆಲ್ಲ ಹರಡಿ, ಮಿಕ್ಸಿಯ ಬುಡದ ತನಕ ಹೋಗಿಬಿಟ್ಟಿತ್ತು. ಅಮ್ಮನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. "ಹಿಟ್ಟಿಂದೇನು ತಪ್ಪು? ಬೇಸಿಗೇಲಿ ಅದು ಉಬ್ಬೋದೇ. ಪಾತ್ರೆ ದೊಡ್ಡದು ತಗೋಬೇಕಿತ್ತು" ಅಂದ್ಲು. ಅಷ್ಟೇ. ಕೇಸ್ ಕ್ಲೋಸ್.

ಆದರೆ ಅಮ್ಮ ಹೇಳಿದ್ದರಲ್ಲಿ ಒಂದು ಪೂರ್ತಿ ಡಿಸೈನ್ ಸಿದ್ಧಾಂತ ಇದೆ. ಡಿಸೆಂಬರ್‌ನಲ್ಲಿ ಇದೇ ಹಿಟ್ಟಿನ ಪಾತ್ರೆಗೆ ಹಳೇ ಸ್ವೆಟರ್ ಸುತ್ತಿ ಇಡ್ತೀವಿ. ಬೇಸಿಗೆಯಲ್ಲಿ ಉಬ್ಬಿದ ತಕ್ಷಣ ಫ್ರಿಜ್‌ಗೆ ತಳ್ತೀವಿ. ಹುಳಿ ಜಾಸ್ತಿ ಆಯ್ತು ಅನ್ನಿಸಿದರೆ ಅರ್ಧ ತೆಗೆದು ಅವತ್ತೇ ದೋಸೆ ಹುಯ್ದು ಮುಗಿಸ್ತೀವಿ. ಅಂದರೆ ಒಳಗೆ ಬೆಳೆಯುತ್ತಿರುವ ಜೀವದ ಮರ್ಜಿ ನೋಡಿಕೊಂಡು ಪಾತ್ರೆಯನ್ನು, ಬಿಸಿಯನ್ನು, ಪ್ರಮಾಣವನ್ನು ಅಡ್ಜಸ್ಟ್ ಮಾಡ್ತಾ ಇರ್ತೀವಿ. ಬಯೋರಿಯಾಕ್ಟರ್ ಅನ್ನೋ ದೊಡ್ಡ ಹೆಸರಿನ ಯಂತ್ರ ಮಾಡುವುದೂ ಇದನ್ನೇ. ಜೀವಕೋಶಗಳನ್ನು ಸಾಕುವ ಪಾತ್ರೆ ಅದು. ಬಿಸಿ, ಗಾಳಿ, ಊಟ, ಕಸ ವಿಲೇವಾರಿ, ಜಾಗ, ಎಲ್ಲವನ್ನೂ ಬೇಕಾದ ಹಾಗೆ ಹೊಂದಿಸಬಲ್ಲ ಒಂದು ಕೋಣೆ.

ಕಟ್ಟೆ ಒರೆಸುತ್ತಾ ನನಗೆ ನೆನಪಾಗಿದ್ದು ಒಂದು ಕೋಟು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ, 2008ರಲ್ಲಿ, ಡಬ್ಬಿಯೊಳಗೆ ಜಾಗ ಸಾಲದಷ್ಟು ಬೆಳೆದು, ಕೊನೆಗೆ ಕ್ಯುರೇಟರ್ ಕೈಯಿಂದ ಸತ್ತ ಕೋಟು. ಆ ಕಲಾಕೃತಿಯ ಬಗ್ಗೆ ಬಹಳ ದಿನದಿಂದ ಒಂದು ತಕರಾರು ಮನಸ್ಸಲ್ಲಿತ್ತು. ಅದನ್ನ ಇವತ್ತು ಬರೆದು ಮುಗಿಸ್ತೀನಿ.

*

ಕೃತಿಯ ಹೆಸರು 'ವಿಕ್ಟಿಮ್‌ಲೆಸ್ ಲೆದರ್'. ಬಲಿಯಿಲ್ಲದ ಚರ್ಮ ಅಂತ ಇಟ್ಟುಕೊಳ್ಳೋಣ. ಮಾಡಿದವರು ಓರಾನ್ ಕ್ಯಾಟ್ಸ್ ಮತ್ತು ಅಯೊನಾಟ್ ಝರ್. ಇಬ್ಬರೂ ಆಸ್ಟ್ರೇಲಿಯಾದ ಪರ್ತ್‌ನವರು ಅಂತಲೇ ಕಲಾಲೋಕದಲ್ಲಿ ಪರಿಚಿತರು. ಅಲ್ಲಿನ ಯೂನಿವರ್ಸಿಟಿ ಆಫ್ ವೆಸ್ಟರ್ನ್ ಆಸ್ಟ್ರೇಲಿಯಾದಲ್ಲಿ 2000ರಲ್ಲಿ ಶುರುವಾದ ಸಿಂಬಯೋಟಿಕಾ ಅನ್ನುವ ಪ್ರಯೋಗಾಲಯದ ಹಿಂದೆ ಇದ್ದವರಲ್ಲಿ ಇವರೂ ಸೇರುತ್ತಾರೆ. ಕಲಾವಿದರು ಬಿಳಿ ಕೋಟು ಹಾಕಿಕೊಂಡು, ಪಿಪೆಟ್ ಹಿಡಿದು, ನಿಜವಾದ ಜೀವಕೋಶಗಳ ಜೊತೆ ಕೆಲಸ ಮಾಡುತ್ತಿದ್ದ ಜಾಗ ಅದು. ಅಮೆರಿಕದ ಹಾರ್ವರ್ಡ್‌ನಲ್ಲಿ, ಇಲಿಯ ಬೆನ್ನ ಮೇಲೆ ಮನುಷ್ಯನ ಕಿವಿಯ ಆಕಾರ ಬೆಳೆಸಿ ಸುದ್ದಿಯಾದ ವಕಾಂಟಿ ಅವರ ಟಿಶ್ಯೂ ಎಂಜಿನಿಯರಿಂಗ್ ಲ್ಯಾಬ್‌ನಲ್ಲಿ ಇಬ್ಬರೂ ಸಮಯ ಕಳೆದಿದ್ದಾರೆ. ಹಾಗಾಗಿ ಇದು ಸುಮ್ಮನೆ ವಿಜ್ಞಾನದ ವೇಷ ಹಾಕಿದ ಕಲೆ ಅಲ್ಲ.

ಕೋಟು ನೋಡೋಕೆ ಎರಡು ಇಂಚು ಎತ್ತರ. ಬೊಂಬೆಗೂ ಚಿಕ್ಕದಾಗುವಂಥದ್ದು. ಕೊಳೆತು ಕರಗಿಹೋಗಬಲ್ಲ ಪಾಲಿಮರ್‌ನಿಂದ ಹೊಲಿಗೆಯಿಲ್ಲದ ಒಂದು ಪುಟ್ಟ ಜಾಕೆಟ್ ಮಾಡಿ, ಅದರ ಮೇಲೆ ಜೀವಕೋಶಗಳನ್ನು ಬಿತ್ತಿದ್ದಾರೆ. ಕೋಶಗಳು ಬೆಳೆದು ಪಾಲಿಮರ್ ಅನ್ನು ಆವರಿಸಿಕೊಳ್ಳಬೇಕು, ಪಾಲಿಮರ್ ನಿಧಾನಕ್ಕೆ ಕರಗಬೇಕು, ಕೊನೆಗೆ ಉಳಿಯುವುದು ಜೀವಂತ ಅಂಗಾಂಶದ ಕೋಟು. ಇದು ಲೆಕ್ಕಾಚಾರ. ಜಾಕೆಟ್ ಗಾಜಿನ ಕೋಣೆಯೊಳಗೆ ತೂಗುತ್ತಿರುತ್ತದೆ. ಮೇಲಿಂದ ಪೋಷಕ ದ್ರವ ತೊಟ್ಟು ತೊಟ್ಟಾಗಿ ಬೀಳುತ್ತದೆ, ಕೆಳಗಿಂದ ಹರಿದು ಹೋಗುತ್ತದೆ, ಪಂಪು ಮತ್ತೆ ಮೇಲಕ್ಕೆ ಕಳಿಸುತ್ತದೆ. ಫೋಟೋ ವಿಡಿಯೋಗಳಲ್ಲಿ ನೋಡಿದರೆ ಐಸಿಯುನಲ್ಲಿ ಮಲಗಿಸಿದ ಬೊಂಬೆ ಬಟ್ಟೆ ಥರ ಕಾಣುತ್ತೆ. ನಾನು ನೋಡಿರೋದೂ ಹಾಗೇ, ಸ್ಕ್ರೀನಿನಲ್ಲೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೇದು.

2004ರಲ್ಲಿ ಮೊದಲು ಬಂದ ಈ ಕೃತಿ, 2008ರ ಫೆಬ್ರವರಿಯಲ್ಲಿ ಮೋಮಾದಲ್ಲಿ ಪಾವೊಲಾ ಆಂತೊನೆಲ್ಲಿ ಕ್ಯುರೇಟ್ ಮಾಡಿದ 'ಡಿಸೈನ್ ಅಂಡ್ ದಿ ಎಲಾಸ್ಟಿಕ್ ಮೈಂಡ್' ಪ್ರದರ್ಶನಕ್ಕೆ ಬಂತು. ಈ ಸಲ ಬಿತ್ತಿದ್ದು ಇಲಿಯ ಭ್ರೂಣದ ಕಾಂಡಕೋಶಗಳನ್ನು. ಕೆಲವೇ ವಾರದಲ್ಲಿ ಕೋಶಗಳು ಅಂದುಕೊಂಡದ್ದಕ್ಕಿಂತ ವೇಗವಾಗಿ ಬೆಳೆದವು. ದ್ರವ ಹರಿಯುವ ದಾರಿ ಕಟ್ಟಿಕೊಳ್ಳತೊಡಗಿತು. ಒಂದು ತೋಳು ಕಳಚಿ ಬೀಳುವ ಹಾಗಾಯಿತು. ಕೊನೆಗೆ ಆಂತೊನೆಲ್ಲಿ ಯಂತ್ರ ಆಫ್ ಮಾಡಿಸಿದರು. ಗರ್ಭಪಾತದ ವಿಷಯದಲ್ಲಿ ಜೀವನವಿಡೀ ಹೆಣ್ಣಿನ ಆಯ್ಕೆಯ ಪರ ಇದ್ದ ತನಗೆ, ಒಂದು ಕೋಟನ್ನು ಸಾಯಿಸುವ ಯೋಚನೆಯಿಂದ ನಿದ್ದೆ ಬರಲಿಲ್ಲ ಅನ್ನುವ ಅರ್ಥದಲ್ಲಿ ಅವರು ಆಮೇಲೆ ಪತ್ರಿಕೆಗಳ ಮುಂದೆ ಹೇಳಿಕೊಂಡರು.

ಈ ಕೃತಿಯ ಬಗ್ಗೆ ಬರೆಯುವವರು ಬಹಳ ಮಂದಿ ಈ ಕತೆಯನ್ನು ಗೆಲುವಿನ ಕತೆಯಾಗಿ ಹೇಳುತ್ತಾರೆ. ನೋಡಿ, ಕಲೆ ಎಷ್ಟು ಜೀವಂತವಾಗಿತ್ತು ಅಂದರೆ ಕೊಲ್ಲಬೇಕಾಯ್ತು! ನನ್ನ ತಕರಾರು ಇರೋದು ಇಲ್ಲೇ. ಇದು ಗೆಲುವೋ, ಅಥವಾ ಪಾತ್ರೆ ಚಿಕ್ಕದಾಗಿತ್ತೋ?

*

ಪಾತ್ರೆಯ ವಂಶಾವಳಿ ಸ್ವಲ್ಪ ನೋಡೋಣ. ಯಾಕಂದರೆ ಕಲಾವಿದರೇ ತಮ್ಮ ಗಾಜಿನ ಕೋಣೆಗೆ ಸ್ಫೂರ್ತಿ ಎಲ್ಲಿಂದ ಬಂತು ಅಂತ ಹೇಳಿಕೊಂಡಿದ್ದಾರೆ. ಅಲೆಕ್ಸಿಸ್ ಕ್ಯಾರೆಲ್ ಮತ್ತು ಚಾರ್ಲ್ಸ್ ಲಿಂಡ್‌ಬರ್ಗ್ ಸೇರಿ ಮಾಡಿದ ಪರ್ಫ್ಯೂಶನ್ ಪಂಪು.

ಹೌದು, ಅದೇ ಲಿಂಡ್‌ಬರ್ಗ್. 1927ರಲ್ಲಿ ಒಬ್ಬನೇ ವಿಮಾನ ಹಾರಿಸಿಕೊಂಡು ಅಟ್ಲಾಂಟಿಕ್ ದಾಟಿದವನು. ಅವನ ಹೆಂಡತಿಯ ಅಕ್ಕ ಎಲಿಸಬೆತ್‌ಗೆ ಹೃದಯದ ಕವಾಟದ ತೊಂದರೆ ಇತ್ತು. ಹೃದಯವನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಆ ಹೊತ್ತಲ್ಲಿ ಯಂತ್ರದಿಂದ ರಕ್ತ ಹರಿಸಿ ರಿಪೇರಿ ಯಾಕೆ ಮಾಡಬಾರದು ಅನ್ನೋದು ಅವನ ಪ್ರಶ್ನೆ. ಮೆಕ್ಯಾನಿಕ್ ತಲೆಯವನ ಪ್ರಶ್ನೆ. ಅದನ್ನು ಹಿಡಿದುಕೊಂಡು ಅವನು 1930ರಲ್ಲಿ ರಾಕ್‌ಫೆಲರ್ ಇನ್‌ಸ್ಟಿಟ್ಯೂಟ್‌ನಲ್ಲಿದ್ದ ಕ್ಯಾರೆಲ್ ಬಳಿ ಹೋದ. ಕ್ಯಾರೆಲ್ 1912ರ ನೊಬೆಲ್ ಪಡೆದ ಸರ್ಜನ್. ಅಂಗಗಳನ್ನು ದೇಹದ ಹೊರಗೆ ಜೀವಂತ ಇಡುವ ಅವರ ಪ್ರಯತ್ನಗಳಿಗೆಲ್ಲ ಸೋಂಕು ಅಡ್ಡ ಬರುತ್ತಿತ್ತು. ಲಿಂಡ್‌ಬರ್ಗ್ ಪೈರೆಕ್ಸ್ ಗಾಜಿನಲ್ಲಿ ಒಂದರ ಕೆಳಗೊಂದು ಕೋಣೆಗಳಿರುವ ಪಂಪು ರೂಪಿಸಿದ. ದ್ರವವನ್ನು ತಳ್ಳುವುದು ಗಾಳಿಯ ಒತ್ತಡ. ಆ ಒತ್ತಡವನ್ನೂ ಮಿಡಿತದ ವೇಗವನ್ನೂ ಹೊರಗಿನಿಂದಲೇ ಬದಲಿಸಬಹುದು, ಒಳಗಿನ ಶುದ್ಧತೆ ಕೆಡಲ್ಲ. 1935ರ ಏಪ್ರಿಲ್‌ನಲ್ಲಿ ಬೆಕ್ಕಿನ ಥೈರಾಯ್ಡ್ ಗ್ರಂಥಿಯೊಂದು ಅದರೊಳಗೆ 18 ದಿನ ಬದುಕಿತು. ಎಲಿಸಬೆತ್ ಅದಕ್ಕೂ ನಾಲ್ಕು ತಿಂಗಳ ಮುಂಚೆ, 1934ರ ಡಿಸೆಂಬರ್‌ನಲ್ಲೇ ತೀರಿಕೊಂಡಿದ್ದಳು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಲಿಂಡ್‌ಬರ್ಗ್ ಪಂಪು ಇದ್ದ ಅಂಗವನ್ನು ಇದ್ದ ಹಾಗೆ ಉಳಿಸುವುದಕ್ಕೆ ಮಾಡಿದ್ದು. ಥೈರಾಯ್ಡ್ ಗ್ರಂಥಿ ಹದಿನೆಂಟು ದಿನದಲ್ಲಿ ಎರಡರಷ್ಟಾಗಲಿ ಅಂತ ಯಾರೂ ಬಯಸಿರಲಿಲ್ಲ. ಆದರೆ ಕ್ಯಾಟ್ಸ್ ಮತ್ತು ಝರ್ ಆ ಮಾದರಿಯ ಕೋಣೆಗೆ ಹಾಕಿದ್ದು, ಎರಡಾಗುವುದೇ ಕಸುಬಾಗಿರುವ ಕೋಶಗಳನ್ನು. ದಿನಕ್ಕೊಮ್ಮೆ ದುಪ್ಪಟ್ಟಾಗುತ್ತೆ ಅಂತಲೇ ಇಟ್ಟುಕೊಳ್ಳಿ. ಹತ್ತು ದಿನಕ್ಕೆ ಒಂದು ಕೋಶ 1,024 ಆಗುತ್ತೆ. ಹಾಗೇ ಬಿಟ್ಟರೆ ಇಪ್ಪತ್ತು ದಿನಕ್ಕೆ ಹತ್ತು ಲಕ್ಷ ದಾಟುತ್ತೆ. ನಿಜದಲ್ಲಿ ಊಟ ಗಾಳಿ ಸಾಲದೆ ಈ ಓಟ ಮಧ್ಯದಲ್ಲೇ ನಿಲ್ಲುತ್ತೆ, ಆದರೆ ನಿಲ್ಲುವ ತನಕ ಯಾವ ವೇಗ ಅಂತ ಅರ್ಥವಾಯ್ತಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ನಮಗೆ ಗೊತ್ತು. ಭ್ರೂಣದ ಕೋಶಕ್ಕೆ ಗೊತ್ತಿಲ್ಲ.

ಎಂಜಿನಿಯರ್ ಒಬ್ಬ ಇಂಥ ಕೋಣೆ ಕಟ್ಟಲು ಕೂತರೆ ಏನೇನು ಯೋಚಿಸಬೇಕು? ಸಸ್ತನಿಗಳ ಕೋಶಕ್ಕೆ ಬಿಸಿ 37 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇರಬೇಕು. ಗಾಳಿಯಲ್ಲಿ ಸಾಮಾನ್ಯವಾಗಿ ಶೇ. 5ರಷ್ಟು ಕಾರ್ಬನ್ ಡೈಆಕ್ಸೈಡ್ ಬೇಕು. ಕೋಶಗಳು ತಿಂದು ಹೊರಹಾಕುವ ಆಮ್ಲದಿಂದ ದ್ರವದ ಪಿಎಚ್ ಇಳಿಯುತ್ತಾ ಹೋಗುತ್ತದೆ. ದ್ರವಕ್ಕೆ ಸೇರಿಸಿದ ಬಣ್ಣ ಕೆಂಪಿನಿಂದ ಹಳದಿಗೆ ತಿರುಗಿದರೆ ಊಟ ಬದಲಿಸುವ ಹೊತ್ತಾಯ್ತು ಅಂತ. ಆಮ್ಲಜನಕ ದ್ರವದಿಂದ ಅಂಗಾಂಶದೊಳಕ್ಕೆ ಒಂದೆರಡು ನೂರು ಮೈಕ್ರಾನ್ ಅಷ್ಟೇ ಇಳಿಯಬಲ್ಲದು, ಅಂದರೆ ಮಿಲಿಮೀಟರಿನ ಐದನೇ ಒಂದು ಭಾಗ. ಅದಕ್ಕಿಂತ ದಪ್ಪ ಆದರೆ, ರಕ್ತನಾಳ ಇಲ್ಲದಿದ್ದರೆ, ಹೊರಗಿನದು ಬದುಕುತ್ತಾ ಒಳಗಿನದು ಸಾಯುತ್ತದೆ. ದ್ರವ ಜೋರಾಗಿ ಹರಿಸಿದರೆ ಆಮ್ಲಜನಕ ಜಾಸ್ತಿ ಸಿಗುತ್ತದೆ ನಿಜ, ಆದರೆ ಆ ರಭಸಕ್ಕೇ ಕೋಶಗಳು ಕಿತ್ತು ಬರಬಹುದು.

ಇದೆಲ್ಲ ಒಂದಕ್ಕೊಂದು ಹೆಣೆದುಕೊಂಡಿರುವ ವಿಷಯ. ಮೊದಲ ದಿನ ಸರಿಯಾಗಿದ್ದ ಹರಿವು ಹದಿನೈದನೇ ದಿನಕ್ಕೆ ಸಾಲದು. ಆದ್ದರಿಂದಲೇ ಒಳ್ಳೆಯ ಬಯೋರಿಯಾಕ್ಟರ್ ಅಂದರೆ ಅಡ್ಜಸ್ಟ್ ಮಾಡಬಹುದಾದ ಬಯೋರಿಯಾಕ್ಟರ್. ಹರಿವು, ಒತ್ತಡ, ದ್ರವದ ಪ್ರಮಾಣ, ಅಂಗಾಂಶ ತೂಗುವ ಜಾಗ ಎಲ್ಲವೂ ಬೆಳವಣಿಗೆಯ ಜೊತೆ ಬದಲಾಗಬೇಕು. ಮೋಮಾದಲ್ಲಿದ್ದ ಕೋಣೆ ಬೆಳವಣಿಗೆ ಶುರು ಮಾಡಿಸುವುದರಲ್ಲಿ ಜಾಣ, ಬೆಳವಣಿಗೆಯನ್ನು ಸಂಭಾಳಿಸುವುದರಲ್ಲಿ ದಡ್ಡ. ದಾರಿ ಕಟ್ಟಿಕೊಂಡಾಗ ಬೇರೆ ದಾರಿ ಇರಲಿಲ್ಲ. ಸೋತಿದ್ದನ್ನು ಸೋತಿದೆ ಅಂತಲೇ ಹೇಳಬೇಕು. ಕಲಾಕೃತಿಯ ಪ್ಲಂಬಿಂಗ್ ಕೈಕೊಟ್ಟರೆ ಅದು ಫಿಲಾಸಫಿ, ನಮ್ಮನೆ ಪ್ಲಂಬಿಂಗ್ ಕೈಕೊಟ್ಟರೆ ಅದು ಬರೀ ಲೀಕು ಅನ್ನೋದು ಯಾವ ನ್ಯಾಯ?

*

ಎರಡನೇ ತಕರಾರು ಇನ್ನೂ ದೊಡ್ಡದು. ಕೋಟು ಬೆಳೆಯುತ್ತಾ ಇದ್ದದ್ದು ನ್ಯೂಯಾರ್ಕಿನಲ್ಲಿ. ಅದನ್ನು ಹುಟ್ಟಿಸಿದವರ ಲ್ಯಾಬ್ ಇದ್ದದ್ದು ಪರ್ತ್‌ನಲ್ಲಿ. ಬಯೋರಿಯಾಕ್ಟರಿನ ನಾಬ್ ತಿರುಗಿಸಬೇಕು ಅಂದರೆ ಅದರ ಪಕ್ಕ ಒಬ್ಬರು ಇರಬೇಕು. ಅದನ್ನು ದಿನಾ ನೋಡಬೇಕು, ಬಣ್ಣ ಬದಲಾಯಿತಾ, ತೊಟ್ಟು ಬೀಳ್ತಿದೆಯಾ ಅಂತ. ಚಿತ್ರಕ್ಕೆ ಮೊಳೆ ಹೊಡೆದು ಮನೆಗೆ ಹೋಗಬಹುದು. ಜೀವಕ್ಕೆ ಹಾಗಾಗಲ್ಲ.

ಕ್ಯಾಟ್ಸ್ ಮತ್ತು ಝರ್‌ಗೆ ಇದು ಗೊತ್ತಿಲ್ಲ ಅಂತಲ್ಲ. ನಿಜ ಹೇಳಬೇಕೆಂದರೆ ಆರೈಕೆಯೇ ಅವರ ಕಲೆಯ ಕೇಂದ್ರ ವಿಷಯ. 2000ರಲ್ಲಿ ಆಸ್ಟ್ರಿಯಾದ ಲಿಂಜ್‌ನಲ್ಲಿ ಅವರು ಪುಟ್ಟ ಜೀವಂತ ಬೊಂಬೆಗಳನ್ನು ತೋರಿಸಿದಾಗಲೇ ಗ್ಯಾಲರಿಯೊಳಗೆ ಲ್ಯಾಬ್ ಕಟ್ಟಿ, ಅವಕ್ಕೆ ಊಟ ಕೊಡುವುದನ್ನು ಒಂದು ಆಚರಣೆಯಾಗಿ ಮಾಡಿದ್ದರು. ಪ್ರದರ್ಶನ ಮುಗಿದ ದಿನ ಇನ್ನೊಂದು ಆಚರಣೆ. ಜನ ಬಂದು ಬರಿಗೈಯಿಂದ ಆ ಅಂಗಾಂಶವನ್ನು ಮುಟ್ಟಬಹುದು. ಗಾಳಿಯಲ್ಲಿ, ಬೆರಳಲ್ಲಿ ಇರುವ ಬ್ಯಾಕ್ಟೀರಿಯಾ ಶಿಲೀಂಧ್ರಗಳೇ ಅದನ್ನು ಕೊಲ್ಲುತ್ತವೆ. ಮುಟ್ಟಿದವರೆಲ್ಲ ಪಾಲುದಾರರು. ಇವರ ಕೆಲಸದಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಈ ಭಾಗವೇ. ಪ್ರೀತಿಯ ಸ್ಪರ್ಶವೇ ಸಾವು ತರುತ್ತದೆ ಅಂತ ಬಾಯಲ್ಲಿ ಹೇಳಿದರೆ ಸಿನಿಮಾ ಡೈಲಾಗು ಆಗಿಬಿಡುತ್ತೆ. ಇಲ್ಲಿ ಯಾರೂ ಹೇಳಲ್ಲ, ಸುಮ್ಮನೆ ಬೆರಳು ಮುಂದೆ ಚಾಚಬೇಕು.

2003ರಲ್ಲಿ ಫ್ರಾನ್ಸಿನ ನಾಂತ್‌ನಲ್ಲಿ ಮಾಡಿದ 'ಡಿಸ್‌ಎಂಬಾಡೀಡ್ ಕ್ವಿಝೀನ್' ಕೂಡ ಹಾಗೇ. ಕಪ್ಪೆಯ ಸ್ನಾಯುಕೋಶಗಳಿಂದ ಪುಟ್ಟ ಸ್ಟೇಕ್ ಬೆಳೆಸಿ, ಕೊನೆಯ ದಿನ ಬೇಯಿಸಿ, ಮೇಜು ಹಾಕಿ ಅತಿಥಿಗಳಿಗೆ ಬಡಿಸಿದರು. ಲ್ಯಾಬ್ ಮಾಂಸದ ಸ್ಟಾರ್ಟಪ್‌ಗಳ ಕಾಲಕ್ಕೆ ಎಷ್ಟೋ ವರ್ಷ ಮುಂಚೆ. ಪಾಲಿಮರ್ ಪೂರ್ತಿ ಕರಗಿರಲಿಲ್ಲ, ಬಟ್ಟೆ ಅಗಿದ ಹಾಗೆ ಆಯಿತು, ಕೆಲವರು ಉಗುಳಿದರು. ಆ ಉಗುಳಿದ ಚೂರುಗಳನ್ನೂ ಕಲಾವಿದರು ಮುಚ್ಚಿಡಲಿಲ್ಲ. ಅಲ್ಲಿ ಸೋಲು ಎಲ್ಲರ ಎದುರಿಗೆ ಆಯಿತು, ಮಾಡಿದವರೂ ಅದೇ ಮೇಜಿನಲ್ಲಿ ಕೂತಿದ್ದರು.

ಮೋಮಾದಲ್ಲಿ ಆಗಿದ್ದು ಬೇರೆ. ಸಾಯಿಸುವ ಜವಾಬ್ದಾರಿ ಆಚರಣೆಯಾಗಿ ಎಲ್ಲರಿಗೂ ಹಂಚಿಕೆಯಾಗಲಿಲ್ಲ. ಕ್ಯುರೇಟರ್ ಒಬ್ಬರ ಹೆಗಲಿಗೆ, ಹೇಳದೆ ಕೇಳದೆ ಬಂದು ಬಿತ್ತು. ಗೋಡೆಯ ಮೇಲೆ ಬಲಿಯಿಲ್ಲದ ಚರ್ಮ ಅಂತ ಫಲಕ, ಒಳಗೆ ನಿದ್ದೆಗೆಟ್ಟ ಒಬ್ಬ ಹೆಂಗಸು. ಆಫೀಸ್ ಭಾಷೆಯಲ್ಲಿ ಹೇಳುವುದಾದರೆ, ಸರಿಯಾದ ಹ್ಯಾಂಡೋವರ್ ಇಲ್ಲದ ಪ್ರಾಜೆಕ್ಟು. ಸಿಸ್ಟಮ್ ಕಟ್ಟಿದವರು ದೂರದಲ್ಲಿ, ಅದು ಮಗುಚಿಕೊಂಡಾಗ ಎದುರಿಗಿದ್ದವರು ಇನ್ಯಾರೋ. ನಮ್ಮಲ್ಲಿ ಎಷ್ಟೋ ಜನ ರಾತ್ರಿ ಎರಡು ಗಂಟೆಗೆ ಫೋನ್ ಎತ್ತಿಕೊಂಡು ಅನುಭವಿಸಿರೋ ಕತೆಯೇ.

*

ಇಲ್ಲಿಗೆ ನಿಲ್ಲಿಸಿದ್ದರೆ ಈ ಅಂಕಣ ಸಲೀಸಾಗಿ ಮುಗಿದಿರೋದು. ಡಿಸೈನ್ ಕೆಟ್ಟದು, ಪಾತ್ರೆ ಚಿಕ್ಕದು, ಅಡ್ಜಸ್ಟ್ ಮಾಡುವ ಸೌಲಭ್ಯ ಬೇಕಿತ್ತು ಅಂತ. ಆದರೆ ಆ ಸೌಲಭ್ಯ ನಿಜಕ್ಕೂ ಹೇಗಿರುತ್ತೆ ಅಂತ ಒಂದು ಹೆಜ್ಜೆ ಮುಂದೆ ಹೋಗಿ ಯೋಚಿಸಿದಾಗ ನನ್ನ ತಕರಾರೇ ಸ್ವಲ್ಪ ಅಲುಗಾಡಿತು.

ಔಷಧ ಉದ್ಯಮದಲ್ಲಿ ಪರ್ಫ್ಯೂಶನ್ ಬಯೋರಿಯಾಕ್ಟರ್‌ಗಳು ವಾರಗಟ್ಟಲೆ ನಿಲ್ಲದೆ ಓಡುತ್ತವೆ. ಒಂದು ಕಡೆಯಿಂದ ಹೊಸ ದ್ರವ ಒಳಗೆ ಹೋಗುತ್ತೆ, ಇನ್ನೊಂದು ಕಡೆಯಿಂದ ಹಳೆಯದು ಹೊರಗೆ ಬರುತ್ತೆ. ಕೋಶಗಳ ಸಂಖ್ಯೆ ಹೆಚ್ಚಿದ ಹಾಗೆ ಹರಿವೂ ಹೆಚ್ಚುತ್ತೆ. ಸರಿ, ಆದರೆ ಸಂಖ್ಯೆ ಹೆಚ್ಚುತ್ತಲೇ ಹೋದರೆ? ಅದಕ್ಕೆ ಬ್ಲೀಡ್ ಅಂತ ಒಂದು ವ್ಯವಸ್ಥೆ ಇದೆ. ದಿನಾ ಇಷ್ಟು ಅಂತ ಜೀವಂತ ಕೋಶಗಳನ್ನು ಹೊರಗೆ ಬಸಿದುಬಿಡುವುದು. ಒಳಗಿನ ಸಂಖ್ಯೆ ಸಮವಾಗಿ ಉಳಿಯುತ್ತೆ, ಪೈಪು ಕಟ್ಟಿಕೊಳ್ಳಲ್ಲ, ಟ್ಯಾಂಕು ಆರಾಮಾಗಿರುತ್ತೆ. ಬಸಿದದ್ದು ಕಸ.

ಮೋಮಾದ ಕೋಟಿಗೂ ಇಂಥದ್ದೊಂದು ಏರ್ಪಾಡು ಇದ್ದಿದ್ದರೆ, ತೋಳು ಕಳಚುತ್ತಿರಲಿಲ್ಲ. ಪ್ರದರ್ಶನ ಮೇ ತಿಂಗಳಲ್ಲಿ ಮುಗಿಯುವ ತನಕ ಚೆಂದವಾಗಿ ತೂಗುತ್ತಿತ್ತು. ಆಂತೊನೆಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು. ದಿನಾ ಬೆಳಿಗ್ಗೆ ಒಂದಷ್ಟು ಲಕ್ಷ ಕೋಶಗಳು ಸಿಂಕಿಗೆ ಹೋಗುತ್ತಿದ್ದವು. ಅವತ್ತು ಒಂದೇ ಸಲ ಕೊಂದದ್ದಕ್ಕಿಂತ ಒಟ್ಟಾರೆ ಎಷ್ಟೋ ಹೆಚ್ಚು. ಯಾರಿಗೂ ಒಂದು ಕ್ಷಣಕ್ಕೂ ಏನೂ ಅನ್ನಿಸುತ್ತಿರಲಿಲ್ಲ.

ಕ್ಯಾರೆಲ್ ಕೂಡ ಇದನ್ನೇ ಮಾಡಿದ್ದು. ಅವರು 1912ರ ಜನವರಿಯಲ್ಲಿ ಕೋಳಿ ಭ್ರೂಣದ ಹೃದಯದ ಚೂರೊಂದನ್ನು ಸಾಕಲು ಶುರು ಮಾಡಿದರು. 1944ರಲ್ಲಿ ಕ್ಯಾರೆಲ್ ಸತ್ತರೂ ಅದು 1946ರ ತನಕ ಲ್ಯಾಬ್‌ನಲ್ಲಿ ನಡೆಯಿತು. ಸಾವಿಲ್ಲದ ಹೃದಯ ಅಂತ ಪತ್ರಿಕೆಗಳು ಕುಣಿದವು. 1937ರಲ್ಲಿ ಅಮೆರಿಕದ ರೇಡಿಯೋದಲ್ಲಿ, ಕೋಳಿ ಹೃದಯ ಬೆಳೆದು ಬೆಳೆದು ಊರನ್ನೇ ನುಂಗುವ ಭಯಾನಕ ನಾಟಕ ಬೇರೆ ಬಂತು. ನಿಜವಾದ ಪಾತ್ರೆಯಲ್ಲಿ ಅದು ಊರು ನುಂಗಲಿಲ್ಲ. ಯಾಕಂದರೆ ಬೆಳೆದ ಹಾಗೆಲ್ಲ ಕತ್ತರಿಸಿ ಬಿಸಾಡುತ್ತಿದ್ದರು. ಆಮೇಲೆ 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್, ಮನುಷ್ಯನ ಸಾಮಾನ್ಯ ಕೋಶಗಳು ಸುಮಾರು ಐವತ್ತು ಸಲ ಒಡೆದು ನಿಂತುಹೋಗುತ್ತವೆ ಅಂತ ತೋರಿಸಿದರು. ಕೋಳಿಯ ಹೃದಯದ ಅಮರತ್ವವನ್ನು ಮತ್ತೆ ಯಾರೂ ಮಾಡಿ ತೋರಿಸಲಾಗಲಿಲ್ಲ. ಊಟವಾಗಿ ಹಾಕುತ್ತಿದ್ದ ಭ್ರೂಣದ ರಸದ ಜೊತೆ ಹೊಸ ಕೋಶಗಳೇ ಸೇರಿಕೊಳ್ಳುತ್ತಿದ್ದವು ಅನ್ನುವುದು ಒಂದು ವಿವರಣೆ. ಅಮರ ಅಂತ ಎಲ್ಲರೂ ನಂಬಿದ್ದು, ಹಾಗಾದರೆ, ಬದಲಿ ಆಟಗಾರರ ಸಾಲು.

ಇದೇ ಕ್ಯಾರೆಲ್ 1935ರಲ್ಲಿ ಬರೆದ ಪುಸ್ತಕದಲ್ಲಿ, ಕೆಲವು ಬಗೆಯ ಅಪರಾಧಿಗಳನ್ನು ಅನಿಲ ಬಿಟ್ಟು ವಿಲೇವಾರಿ ಮಾಡುವ ಪುಟ್ಟ ಸಂಸ್ಥೆಗಳು ಬೇಕು ಅಂತ ಸಲಹೆ ಕೊಟ್ಟಿದ್ದರು. ಪಾತ್ರೆಯೊಳಗೆ ಬೇಡದ್ದನ್ನು ಬಸಿದು ಹದ ಕಾಯುವ ಯೋಚನೆ ಪಾತ್ರೆಯ ಹೊರಗೂ ಬಂದುಬಿಟ್ಟಿತ್ತು. ಪಂಪಿನ ಗಾಜಿಗೆ ಇದರ ತಪ್ಪು ಹೊರಿಸೋಕಾಗಲ್ಲ. ಆದರೆ ಆ ಪಂಪಿನ ಆಕಾರವನ್ನು ಕಲಾಕೃತಿಗೆ ತಂದುಕೊಂಡವರು ಈ ಕತೆಯನ್ನೂ ಕೋಟಿನ ಪಕ್ಕದಲ್ಲೇ ನಿಲ್ಲಿಸಬೇಕಿತ್ತು ಅನ್ನೋದು ನನ್ನ ಅನಿಸಿಕೆ. ಬರೀ ಕೋಟು ನೋಡಿದವರಿಗೆ ಅದು ಕಾಣಲ್ಲ. ಚೆಂದದ ಗಾಜಷ್ಟೇ ಕಾಣುತ್ತೆ.

*

ಅಡ್ಜಸ್ಟ್ ಅನ್ನುವ ಪದ ಬೆಂಗಳೂರಿನವರಾದ ನಮಗೆ ಮಂತ್ರದ ಹಾಗೆ. ಮೂರು ಜನರ ಸೀಟಿನಲ್ಲಿ ನಾಲ್ಕನೆಯವರು ಬಂದು "ಸ್ವಲ್ಪ ಅಡ್ಜಸ್ಟ್ ಮಾಡಿ" ಅಂದರೆ ಸರಿಯುವುದು ಕೂತ ಜನವೇ ಹೊರತು ಸೀಟಲ್ಲ. ಯಾರು ಯಾರಿಗೆ ಅಡ್ಜಸ್ಟ್ ಆಗಬೇಕು ಅನ್ನೋದೇ ಅಸಲಿ ಪ್ರಶ್ನೆ.

ಜೀವಕೋಶಗಳ ಉದ್ಯಮ ಈ ಪ್ರಶ್ನೆಗೆ ಯಾವತ್ತೋ ಉತ್ತರ ಕಂಡುಕೊಂಡಿದೆ. 1957ರಲ್ಲಿ ಒಂದು ಚೈನೀಸ್ ಹ್ಯಾಮ್‌ಸ್ಟರ್‌ನ ಅಂಡಾಶಯದಿಂದ ತೆಗೆದ ಕೋಶಗಳ ಸಂತತಿ ಇವತ್ತು ಜಗತ್ತಿನ ಬಯೋಟೆಕ್ ಔಷಧಗಳಲ್ಲಿ ಬಹುಪಾಲನ್ನು ತಯಾರಿಸುತ್ತದೆ. ಮೂಲತಃ ಆ ಕೋಶಗಳಿಗೆ ಅಂಟಿಕೊಳ್ಳಲು ಒಂದು ನೆಲ ಬೇಕಿತ್ತು. ಸಾವಿರಾರು ಲೀಟರ್ ಟ್ಯಾಂಕಿನಲ್ಲಿ ಅಷ್ಟೊಂದು ನೆಲ ಎಲ್ಲಿಂದ ತರೋದು? ಹಾಗಾಗಿ ಕೋಶಗಳನ್ನೇ ತೇಲುವುದಕ್ಕೆ ಒಗ್ಗಿಸಿದರು. ಸೀರಮ್ ಇಲ್ಲದ ಊಟಕ್ಕೆ ಒಗ್ಗಿಸಿದರು. ಕಲಕುವ ರಭಸ ತಡೆಯುವಂಥವನ್ನು ಆರಿಸಿ ಇಟ್ಟುಕೊಂಡರು. ಪಾತ್ರೆ ಕೋಶಕ್ಕೆ ಹೊಂದಿಕೊಂಡಿದ್ದಕ್ಕಿಂತ ಕೋಶ ಪಾತ್ರೆಗೆ ಹೊಂದಿಕೊಂಡದ್ದೇ ಹೆಚ್ಚು. ಕೆಲಸ ಮುಗಿದ ಮೇಲೆ ಔಷಧದ ಪ್ರೋಟೀನ್ ಸೋಸಿಕೊಳ್ಳುತ್ತಾರೆ, ಕೋಶಗಳನ್ನು ಬಿಸಾಡುತ್ತಾರೆ.

ಇದನ್ನು ಮೂಗು ಮುರಿದುಕೊಂಡು ಹೇಳುತ್ತಿಲ್ಲ. ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಝುಮ್ಯಾಬ್ ಇಂಥ ಹ್ಯಾಮ್‌ಸ್ಟರ್ ಕೋಶಗಳೇ ಮಾಡಿಕೊಡುವ ಔಷಧ. ನಮ್ಮ ಬೆಂಗಳೂರಿನ ಬಯೋಕಾನ್ ಮತ್ತು ಮೈಲಾನ್ ಸೇರಿ ರೂಪಿಸಿದ ಅದರ ಬಯೋಸಿಮಿಲರ್‌ಗೆ 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ಕಾಗ ಅದು ಊರಿಗೇ ಹೆಮ್ಮೆಯ ಸುದ್ದಿಯಾಗಿತ್ತು. ಯಾರದ್ದೋ ಅಮ್ಮ, ಯಾರದ್ದೋ ಅಕ್ಕ ಆ ಔಷಧದಿಂದ ಇನ್ನೂ ಮನೆಯಲ್ಲಿದ್ದಾರೆ. ಹ್ಯಾಮ್‌ಸ್ಟರ್ ಕೋಶಗಳಿಗೋಸ್ಕರ ಮೌನ ಆಚರಿಸಿ ಅಂತ ನಾನು ಹೇಳಲ್ಲ. ಕೋಶಕ್ಕೆ ನೋವಾಗಲ್ಲ, ಅದಕ್ಕೆ ನರವಿಲ್ಲ, ಮನಸ್ಸಿಲ್ಲ. ಮೋಮಾದ ಕೋಟಿಗೂ ಇರಲಿಲ್ಲ.

ಹಾಗಾದರೆ ಆಂತೊನೆಲ್ಲಿಗೆ ಯಾಕೆ ನಿದ್ದೆ ಬರಲಿಲ್ಲ? ಕೋಟು ಒಂದೇ ಇತ್ತು. ಅದಕ್ಕೊಂದು ಆಕಾರ ಇತ್ತು, ತೋಳಿತ್ತು. ಅದನ್ನು ನಿಲ್ಲಿಸಬೇಕು ಅಂತ ಒಬ್ಬರು ಬಾಯಿಬಿಟ್ಟು ಹೇಳಬೇಕಿತ್ತು. ಅಡ್ಜಸ್ಟ್ ಮಾಡಲು ಬರುವ ಯಂತ್ರ ಅದೇ ಕೊಲ್ಲುವ ಕೆಲಸವನ್ನು ಸಣ್ಣ ಸಣ್ಣ ಕಂತಾಗಿ ಒಡೆದು, ಯಾರ ನಿರ್ಧಾರವೂ ಅಲ್ಲದ ಹಾಗೆ ಮಾಡಿಬಿಡುತ್ತದೆ. ಸೆನ್ಸರ್ ಅಳೆಯುತ್ತೆ, ಕವಾಟ ತೆರೆಯುತ್ತೆ, ಅಷ್ಟೇ. ಅಡ್ಜಸ್ಟ್ ಆಗಲು ಬಾರದ ಆ ದಡ್ಡ ಡಬ್ಬಿ ಮಾತ್ರ ಲೆಕ್ಕವನ್ನು ಹಂಚಲಿಲ್ಲ. ಪೂರ್ತಿ ಬಿಲ್ಲನ್ನು ಒಬ್ಬರ ಕೈಗೆ ಕೊಟ್ಟಿತು.

ಕೃತಿಯ ಹೆಸರಲ್ಲಿರುವ ವ್ಯಂಗ್ಯವೂ ಇದೇ ಕಡೆ ಕೈ ತೋರಿಸುತ್ತೆ. ಆ ಕೋಶಗಳಿಗೆ ಹಾಕುವ ಊಟದಲ್ಲಿ ಫೀಟಲ್ ಬೋವೈನ್ ಸೀರಮ್ ಇರುತ್ತದೆ. ಗಬ್ಬದ ಹಸುವನ್ನು ಕಡಿದಾಗ ಹೊಟ್ಟೆಯೊಳಗಿನ ಕರುವಿನ ರಕ್ತದಿಂದ ತೆಗೆಯುವಂಥದ್ದು. ಕಲಾವಿದರು ಇದನ್ನು ಬಚ್ಚಿಟ್ಟಿಲ್ಲ. ಬಲಿ ಇಲ್ಲ ಅನ್ನೋದು ಸುಳ್ಳು, ಬಲಿ ನಿಮ್ಮ ಕಣ್ಣಿಂದ ದೂರ ಹೋಗಿದೆ ಅಷ್ಟೇ ಅನ್ನೋದೇ ಅವರ ವಾದ. ವಾದ ಸರಿ. ಆದರೆ ಸೀರಮ್ ವಿಷಯ ಹೇಳಿದರೆ ಮಾತ್ರ ಗೊತ್ತಾಗುವಂಥದ್ದು. ಬರೀ ವ್ಯಂಗ್ಯದ ಹೆಸರು ಇಟ್ಟರೆ, ಅದನ್ನು ನಿಜ ಅಂದುಕೊಂಡು, ಇನ್ನು ಗಿಲ್ಟ್ ಇಲ್ಲದೆ ಲೆದರ್ ಜಾಕೆಟ್ ಹಾಕಬಹುದು ಅಂತ ಖುಷಿಪಟ್ಟು ಹೋಗುವ ಪ್ರೇಕ್ಷಕರೂ ಇರುತ್ತಾರೆ. ಹೆಸರು ಮಾಡಲಾಗದ ಕೆಲಸವನ್ನು ಕಟ್ಟಿಕೊಂಡ ಪೈಪು ಮಾಡಿತು ಅನ್ನೋದು ನನ್ನ ತೀರ್ಮಾನ. ಸಾವನ್ನು ಕಣ್ಣೆದುರಿಗೆ ತಂದು ನಿಲ್ಲಿಸಿತು.

ಹಾಗಂತ ಕಲಾವಿದರಿಗೆ ಪೂರ್ತಿ ಅಂಕ ಕೊಡಲಾರೆ. ಅದು ಅವರು ಯೋಜಿಸಿ ಮಾಡಿದ್ದಲ್ಲ, ಆಗಿಹೋದದ್ದು. ಈ ಕೃತಿಯನ್ನು ಮತ್ತೆ ಯಾರಾದರೂ ಕಟ್ಟುವುದಾದರೆ ನನ್ನದೊಂದು ಬೇಡಿಕೆ. ಕೋಣೆ ಅಡ್ಜಸ್ಟ್ ಆಗುವಂಥದ್ದೇ ಇರಲಿ. ಹರಿವು ಹೆಚ್ಚಲಿ, ಜಾಗ ಹಿಗ್ಗಲಿ, ಬ್ಲೀಡ್ ಕವಾಟವೂ ಇರಲಿ. ಆದರೆ ಆ ಕವಾಟ ತಾನಾಗಿ ತೆರೆಯದಿರಲಿ. ದಿನಾ ಒಬ್ಬರು ಬಂದು ಕೈಯಿಂದ ತಿರುಗಿಸಲಿ. ಬಸಿದದ್ದು ಸಿಂಕಿಗೆ ಹೋಗದೆ, ಪಕ್ಕದಲ್ಲೇ ಗಾಜಿನ ಜಾಡಿಯಲ್ಲಿ, ಕೋಟಿನಷ್ಟೇ ಬೆಳಕಿನಲ್ಲಿ ಕೂತಿರಲಿ. ಪ್ರದರ್ಶನ ಮುಗಿಯುವ ಹೊತ್ತಿಗೆ ಯಾವುದು ದೊಡ್ಡದಾಗಿದೆ ಅಂತ ಜನ ನೋಡಲಿ.

ಅವತ್ತು ಕಟ್ಟೆ ಮೇಲೆ ಚೆಲ್ಲಿದ ಹಿಟ್ಟನ್ನು ಒರೆಸಿ ಸಿಂಕಿಗೆ ಬಿಟ್ಟೆ. ಡಬ್ಬಿಯಲ್ಲಿ ಉಳಿದಿದ್ದರಲ್ಲಿ ದೋಸೆ ಚೆನ್ನಾಗೇ ಬಂತು. ಈಗ ಒಂದು ದೊಡ್ಡ ಪಾತ್ರೆ ತಂದಿದ್ದೀನಿ, ಹಿಟ್ಟು ಉಕ್ಕಲ್ಲ. ಎಷ್ಟು ಉಬ್ಬಿತು ಅಂತ ಬೆಳಿಗ್ಗೆ ಎದ್ದು ನೋಡುವುದನ್ನೂ ಬಿಟ್ಟುಬಿಟ್ಟಿದ್ದೀನಿ.